ಅಬ್ರಹಾಮ ಬ್ರಹ್ಮನಲ್ಲ, ಸಾರಾ ಸರಸ್ವತಿಯಲ್ಲ

‘ಅಬ್ರಹಾಮ ಎಂದರೆ ಬ್ರಹ್ಮ, ಅವನ ಹೆಂಡತಿ ಸಾರಾ ಎಂದರೆ ಸರಸ್ವತಿ, ಹೀಬ್ರೂ ಹೆಸರುಗಳ ಮೂಲ ಸಂಸ್ಕೃತ’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಮತ್ತೆ ಮತ್ತೆ ಬರುತ್ತಿದೆ. ಇದು ಸರಿಯಲ್ಲ.

ಬೈಬಲ್‌ನ ಆದಿಕಾಂಡದಲ್ಲಿ, ಯೆಹೂದ್ಯರ ಮೂಲಪುರುಷನಾದ ಅಬ್ರಹಾಮನ ಮೊದಲ ಹೆಸರು ಅಬ್ರಾಮ. ಹೀಬ್ರೂವಿನಲ್ಲಿ ‘ಆವ್’ ಅಥವಾ ‘ಅಬ್’ ಎಂದರೆ ತಂದೆ, ‘ರಾಮ್’ ಎಂದರೆ ಉನ್ನತ. (ಈ ‘ರಾಮ್’ ಕೂಡ ನಮ್ಮ ರಾಮನಲ್ಲ; ಮುಂದಿನ ಸಂದೇಶ ಅದೇ ಇರಬಹುದು!) ಇದೇ ‘ಆವ್’ ಅಬ್ಷಾಲೋಮ, ಅಬ್ನೇರ ಎಂಬ ಹೆಸರುಗಳಲ್ಲೂ ಇದೆ. ಅರಬ್ಬಿಯ ‘ಅಬು’ ಇದರ ಒಡಹುಟ್ಟು; ಅಬೂಬಕ್ಕರ್ ಎಂಬ ಹೆಸರಿನಲ್ಲಿ ನಾವು ದಿನವೂ ಕೇಳುವ ಶಬ್ದ. ಅಬ್ರಾಮ ಅಬ್ರಹಾಮನಾಗುವುದು ಆದಿಕಾಂಡ 17:5ರಲ್ಲಿ. ಅಲ್ಲಿ ಹೊಸ ಹೆಸರಿಗೆ ‘ಬಹು ಜನಾಂಗಗಳ ತಂದೆ’ ಎಂಬ ಅರ್ಥ ಕೊಟ್ಟಿದೆ. ಅದು ‘ಹಾಮೋನ್’, ಅಂದರೆ ಜನಸಮೂಹ, ಎಂಬ ಪದದೊಂದಿಗೆ ಆಡಿದ ಶ್ಲೇಷೆ.

ಸಾರಾ ಎಂದರೆ ಒಡತಿ, ರಾಜಕುಮಾರಿ. ‘ಸರ್’ ಎಂದರೆ ಅಧಿಪತಿ. ಸಾರಾ ಅದರ ಸ್ತ್ರೀಲಿಂಗ. ಹೀಬ್ರೂವಿನ ನಂಟಿನ, ಪ್ರಾಚೀನ ಇರಾಕಿನ ಅಕ್ಕಾಡಿಯನ್ ಭಾಷೆಯಲ್ಲೂ ರಾಣಿಗೆ ‘ಶರ್ರತು’ ಎನ್ನುತ್ತಿದ್ದರು. ಸರಸ್ವತಿಯಾದರೋ ‘ಸರಸ್’, ಅಂದರೆ ನೀರು, ಉಳ್ಳವಳು. ವೇದದಲ್ಲಿ ಅವಳು ನದಿ.

ಇನ್ನು ‘ಅ’ ಸೇರಿಸಿದರೆ ಬ್ರಹ್ಮ ಅಬ್ರಹಾಮನಾಗುತ್ತಾನೆ ಎಂಬ ವಾದ. ಸಂಸ್ಕೃತದಲ್ಲಿ ಹಾಗೆ ಸೇರಿಸುವ ‘ಅ’ ನಿಷೇಧ ಸೂಚಿಸುತ್ತದೆ: ಅಧರ್ಮ, ಅಜ್ಞಾನ ಇದ್ದಂತೆ. ಆ ಲೆಕ್ಕದಲ್ಲಿ ಅಬ್ರಹಾಮ ‘ಬ್ರಹ್ಮನಲ್ಲದವನು’ ಆಗಬೇಕಾಗುತ್ತದೆ.