ಸಾಕ್ಷಿ ಉಲ್ಟಾ ಹೊಡೆದರೆ ಅವರಿಗೂ ಜೈಲಾಗಬೇಕೇ?

ಪರ

ಹೊಲದ ಬದುವಿನ ಜಗಳದಲ್ಲಿ ನಮ್ಮ ಚಿಕ್ಕಪ್ಪನಿಗೆ ಮಚ್ಚಿನಲ್ಲಿ ಹೊಡೆದರು. ಬೆಳಗ್ಗೆ ಎಂಟು ಗಂಟೆ. ಡೈರಿಗೆ ಹಾಲು ಹಾಕಿ ಬರುತ್ತಿದ್ದ ಮೂವರು ನೋಡಿದರು. ಅವರಲ್ಲೊಬ್ಬರು ತಮ್ಮ ಹೆಗಲ ಮೇಲಿದ್ದ ಟವೆಲನ್ನೇ ಚಿಕ್ಕಪ್ಪನ ತಲೆಗೆ ಕಟ್ಟಿ ಆಟೊ ಹತ್ತಿಸಿದರು. ದಾರಿಯಲ್ಲೇ ಜೀವ ಹೋಯಿತು.

ಆರು ವರ್ಷದ ಮೇಲೆ ವಿಚಾರಣೆ ಬಂತು. ಅದೇ ಮನುಷ್ಯ ಕಟಕಟೆಯಲ್ಲಿ ನಿಂತು, "ಅವತ್ತು ನಾನು ಊರಲ್ಲೇ ಇರಲಿಲ್ಲ" ಅಂದರು. ಟವೆಲ್ ಮುದ್ದೆಮಾಲಾಗಿ, ಅಂದರೆ ಕೇಸಿನ ಪುರಾವೆ ವಸ್ತುವಾಗಿ, ಮೇಜಿನ ಮೇಲಿತ್ತು. ಅದು ಯಾರದೋ ಗೊತ್ತಿಲ್ಲ ಅಂದರು. ಸರ್ಕಾರಿ ವಕೀಲರು ಅವರನ್ನು ಪ್ರತಿಕೂಲ ಸಾಕ್ಷಿ, ಅಂದರೆ ತಿರುಗಿಬಿದ್ದ ಸಾಕ್ಷಿ, ಎಂದು ಮಾಡಿಸಿ ಪಾಟಿ ಸವಾಲು ಮಾಡಿದರು. ಕೇಳಿದ್ದಕ್ಕೆಲ್ಲ ಒಂದೇ ಉತ್ತರ: "ಸರಿಯಲ್ಲ." ಚಿಕ್ಕಮ್ಮ ಹಿಂದಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡರು. ಉಳಿದಿಬ್ಬರೂ ಹಾಗೇ ಹೇಳಿದರು. ಆರೋಪಿಗಳು ಖುಲಾಸೆಯಾದರು. ಈಗ ಬಸ್ ಸ್ಟ್ಯಾಂಡಿನಲ್ಲಿ ಎದುರಿಗೇ ಸಿಗುತ್ತಾರೆ.

ಭಯ ಅಂತಾರೆ. ಭಯ ಯಾರಿಗಿಲ್ಲ? ಚಿಕ್ಕಮ್ಮನಿಗೆ ಇರಲಿಲ್ಲವೇ? ಅದೇ ಊರಲ್ಲಿ, ಹೊಡೆದವರ ಹೊಲದ ಪಕ್ಕದಲ್ಲೇ ಬದುಕುತ್ತಾ, ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಸಾಕ್ಷಿ ಹೇಳಿದರು. ಭಯ ಅಂದ ತಕ್ಷಣ ಎಲ್ಲ ಮಾಫಿ ಅನ್ನುವುದಾದರೆ ಪ್ರಮಾಣ ಮಾಡಿಸುವುದು ಯಾಕೆ?

ಎಲ್ಲರೂ ಹೆದರಿಯೇ ತಿರುಗುತ್ತಾರಾ? ದೆಹಲಿಯ ಜೆಸಿಕಾ ಲಾಲ್ ಕೊಲೆ ನೆನಪಿಸಿಕೊಳ್ಳಿ. 1999ರಲ್ಲಿ, ಊರಿನ ದೊಡ್ಡವರೆಲ್ಲ ಸೇರಿದ್ದ ಪಾರ್ಟಿಯಲ್ಲಿ ಗುಂಡು ಹಾರಿತು. ಸಾಕ್ಷಿಗಳು ಒಬ್ಬೊಬ್ಬರೇ ತಿರುಗಿದರು. 2006ರ ಫೆಬ್ರವರಿಯಲ್ಲಿ ಎಲ್ಲರೂ ಬಿಡುಗಡೆ. ದೇಶವೇ ಸಿಟ್ಟಾಯಿತು. ಅದೇ ಡಿಸೆಂಬರಿನಲ್ಲಿ ಹೈಕೋರ್ಟ್ ಮುಖ್ಯ ಆರೋಪಿ ಮನು ಶರ್ಮಾಗೆ ಜೀವಾವಧಿ ಕೊಟ್ಟಿತು. ಆ ಸಾಕ್ಷಿಗಳೇನು ಗೌಡರ ಮನೆಯಲ್ಲಿ ಕೂಲಿ ಮಾಡುವವರೇ? ನಮ್ಮ ಚಿಕ್ಕಪ್ಪನಿಗಾಗಿ ಯಾವ ದೇಶವೂ ಸಿಟ್ಟಾಗಲಿಲ್ಲ.

ಸುಳ್ಳು ಸಾಕ್ಷಿಗೆ 7 ವರ್ಷದವರೆಗೆ ಜೈಲು ಅಂತ ಕಾನೂನಲ್ಲಿದೆ. ಹಿಂದೆ ಐಪಿಸಿ 193, ಈಗ ಭಾರತೀಯ ನ್ಯಾಯ ಸಂಹಿತೆಯ 229. ನಮ್ಮ ಕೇಸಿನಲ್ಲಿ ಆ ಕಲಮನ್ನು ಯಾರೂ ಮುಟ್ಟಲಿಲ್ಲ. ಮೂವರಲ್ಲಿ ಒಬ್ಬರ ಮೇಲೆ ಹಾಕಿದ್ದರೂ ಸಾಕಿತ್ತು. ಮುಂದಿನ ಕೇಸಿನ ಸಾಕ್ಷಿ ಬಾಯಿ ತೆರೆಯುವ ಮುಂಚೆ ಯೋಚಿಸುತ್ತಿದ್ದ.

ವಿರೋಧ

ದುಡ್ಡು ತಿಂದು ತಿರುಗುವವರ ಪರ ಮಾತಾಡಲು ನನಗೂ ಮನಸ್ಸಿಲ್ಲ. ಅವರನ್ನು ಬಿಟ್ಟು ಉಳಿದವರ ಬಗ್ಗೆ ಬರೆಯುತ್ತೇನೆ.

ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿ. 2000ದ ಮಾರ್ಚ್ 11ರಂದು ಅಲ್ಲಿ ಏಳು ದಲಿತರನ್ನು ಜೀವಂತ ಸುಟ್ಟರು. ವಿಚಾರಣೆಯಲ್ಲಿ ಕಣ್ಣಾರೆ ಕಂಡವರೇ ತಿರುಗಿದರು. 2006ರಲ್ಲಿ ಆರೋಪಿಗಳು ಖುಲಾಸೆ. 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಏಳು ಜನ ಉರಿದದ್ದನ್ನು ಕಂಡು, ಮತ್ತೆ ಅದೇ ಸೀಮೆಯಲ್ಲಿ ಬದುಕಬೇಕಾದವರನ್ನು ಜೈಲಿಗೆ ಹಾಕಬೇಕಿತ್ತೇ?

ಇನ್ನೊಂದು ವಿಷಯ. ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಾಕ್ಷಿಯ ಸಹಿ ಇರುವುದಿಲ್ಲ. ಎಷ್ಟೋ ಸಲ ಹೇಳಿದ್ದೊಂದು, ಬರೆದದ್ದೊಂದು. ಕೋರ್ಟಿನಲ್ಲಿ "ನಾನು ಹಾಗೆ ಹೇಳಿಲ್ಲ" ಅನ್ನುವವರಲ್ಲಿ ನಿಜ ಹೇಳುವವರೂ ಇದ್ದಾರೆ. ಜೈಲಿನ ಹೆದರಿಕೆ ಹುಟ್ಟಿಸಿದರೆ ಅವರು ಪೊಲೀಸರು ಬರೆದದ್ದನ್ನೇ ಸುಮ್ನೆ ಒಪ್ಪಿಕೊಳ್ಳುತ್ತಾರೆ, ಅಲ್ವಾ? ಆಗ ನಿರಪರಾಧಿ ಒಳಗೆ ಹೋಗುತ್ತಾನೆ.

ತಿರುಗಿದವರ ಮಾತನ್ನು ಕೋರ್ಟ್ ಪೂರ್ತಿ ಎಸೆಯಬೇಕಿಲ್ಲ. ನಂಬಬಹುದಾದ ಭಾಗವನ್ನು ಇಟ್ಟುಕೊಳ್ಳಬಹುದು. ಸುಪ್ರೀಂ ಕೋರ್ಟ್ 2018ರಲ್ಲಿ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಎಲ್ಲ ರಾಜ್ಯಗಳಿಗೂ ಕಡ್ಡಾಯ ಮಾಡಿದೆ. ಮುಖ್ಯ ಸಾಕ್ಷಿಯ ಹೇಳಿಕೆಯನ್ನು ಬೇಗನೆ ಮ್ಯಾಜಿಸ್ಟ್ರೇಟರ ಮುಂದೆ ಮಾಡಿಸಲಿ. ಸಮನ್ಸ್ ಬಂದ ದಿನವೇ ವಿಚಾರಣೆ ನಡೆಯಲಿ. ಕೂಲಿ ಬಿಟ್ಟು ಬಂದು, ಸಂಜೆ ತನಕ ವರಾಂಡದಲ್ಲಿ ಕಾದು, ಮತ್ತೊಂದು ವಾಯಿದೆ ತಗೊಂಡು ಹೋಗುವುದು ನಿಲ್ಲಲಿ. ಇಷ್ಟೆಲ್ಲ ಕೊಟ್ಟ ಮೇಲೂ ತಿರುಗಿದರೆ, ಆಗ ಶಿಕ್ಷೆಗೆ ನನ್ನ ತಕರಾರಿಲ್ಲ.