‘ಗೊತ್ತಿಲ್ಲ’ ಅನ್ನೋದಕ್ಕೆ ಗ್ರೀಕಿನಲ್ಲಿ ಏನಂತಾರೆ?

ಎರಡು ತಿಂಗಳು ನನಗೆ ಮೈಯೆಲ್ಲ ಗಂಧೆ. ಸಂಜೆಯಾದರೆ ಸಾಕು, ತೋಳು, ಬೆನ್ನು, ಹೊಟ್ಟೆ ಅಂತ ಕೆಂಪಗೆ ದದ್ದು ಏಳುತ್ತಿತ್ತು. ಬೆಳಗಾಗುವುದರೊಳಗೆ ಮಾಯ. ಪಕ್ಕದ ಮನೆ ಅಜ್ಜಿ ‘ಪಿತ್ತ’ ಅಂದರು, ಪುನರ್ಪುಳಿ ಸಾರು ಕಳಿಸಿದರು. ಹೆಂಡತಿ ಬದನೆಕಾಯಿ ನಿಲ್ಲಿಸಿದಳು. ಗಂಧೆ ಮಾತ್ರ ನಿಲ್ಲಲಿಲ್ಲ.

ಕೊನೆಗೆ ದೊಡ್ಡ ಆಸ್ಪತ್ರೆಗೇ ಹೋದೆ. ಟೋಕನ್ ತಗೊಂಡು ಎರಡು ಗಂಟೆ ಕೂತು ಒಳಗೆ ಹೋದಾಗ ನಾನು ಹೇಳಿದ್ದು ಇಷ್ಟೇ: “ಸಾರ್, ತುಂಬಾ ದಿನದಿಂದ ಮೈ ತುರಿಕೆ. ಯಾಕೆ ಅಂತ ಗೊತ್ತಾಗ್ತಿಲ್ಲ.”

ಡಾಕ್ಟರು ಒಳ್ಳೆಯವರು. ಕನ್ನಡಕ ಏರಿಸಿಕೊಂಡು ನೋಡಿದರು. ರಕ್ತ, ಮೂತ್ರ, ಥೈರಾಯ್ಡ್, ಹೊಟ್ಟೆ ಸ್ಕ್ಯಾನ್ ಎಲ್ಲಕ್ಕೂ ಬರೆದುಕೊಟ್ಟರು. ವಾರ ಬಿಟ್ಟು ರಿಪೋರ್ಟುಗಳ ಕಟ್ಟು ಹಿಡಿದು ಹೋದೆ. ಪುಟ ತಿರುವಿದರು, ತಲೆ ಆಡಿಸಿದರು, ಬರೆದರು: ಕ್ರಾನಿಕ್ ಇಡಿಯೋಪತಿಕ್ ಅರ್ಟಿಕೇರಿಯಾ.

ಆಹಾ! ಹೆಸರು ಕೇಳಿಯೇ ಅರ್ಧ ವಾಸಿಯಾದ ಹಾಗಾಯಿತು. ಇಷ್ಟು ಉದ್ದದ ಹೆಸರಿದ್ದ ಮೇಲೆ ಇದಕ್ಕೆ ಮದ್ದೂ ಇರಲೇಬೇಕು, ಅಲ್ವಾ? ಮನೆಗೆ ಬಂದು ನಿಘಂಟು ತೆಗೆದೆ. ತೆಗೆಯಬಾರದಿತ್ತು.

ಕ್ರಾನಿಕ್ ಅಂದರೆ ತುಂಬಾ ದಿನದಿಂದ ಇರುವುದು. ಗಂಧೆಯ ವಿಷಯದಲ್ಲಿ 6 ವಾರ ದಾಟಿದರೆ ಈ ಬಿರುದು ಸಿಗುತ್ತದೆ. ಅರ್ಟಿಕೇರಿಯಾ ಬಂದಿದ್ದು ಲ್ಯಾಟಿನ್‌ನ ಅರ್ಟಿಕಾ ಅನ್ನುವ ಮಾತಿನಿಂದ. ಅದು ಒಂದು ತುರಿಕೆ ಗಿಡದ ಹೆಸರು. ಅಂದರೆ, ತುರಿಕೆ ಗಿಡ ಸವರಿದ ಹಾಗೆ ಮೈ ತುರಿಸುವುದು. ಇನ್ನು ಇಡಿಯೋಪತಿಕ್. ಇದು ಗ್ರೀಕ್. ಬಿಡಿಸಿದರೆ ‘ತನ್ನದೇ ಆದ ನೋವು’. ಆಸ್ಪತ್ರೆಯ ಭಾಷೆಯಲ್ಲಿ ಅದರ ಅರ್ಥ, ಯಾಕೆ ಬಂತೋ ಗೊತ್ತಿಲ್ಲ.

ಮೂರನ್ನೂ ಜೋಡಿಸಿ ಓದಿದೆ. “ತುಂಬಾ ದಿನದಿಂದ ಮೈ ತುರಿಕೆ, ಯಾಕೆ ಅಂತ ಗೊತ್ತಾಗ್ತಿಲ್ಲ.”

ಅಯ್ಯೋ, ಇದನ್ನ ನಾನೇ ಹೇಳಿದ್ದಲ್ಲವಾ! ವಿಳಾಸ ತಪ್ಪಿದ ಕಾಗದವನ್ನು ಅಂಚೆಯವನು ಮುದ್ರೆ ಒತ್ತಿ ವಾಪಸ್ ತಂದುಕೊಟ್ಟ ಹಾಗಾಯಿತು. ಕಾಗದ ನನ್ನದೇ, ಮುದ್ರೆ ಮಾತ್ರ ಗ್ರೀಕರದು. ಅಂದಹಾಗೆ ಇಡಿಯೋಪತಿಕ್‌ಗೂ ಇಡಿಯಟ್‌ಗೂ ಬೇರು ಒಂದೇ. ಡಾಕ್ಟರು, ನಾನು ಇಬ್ಬರಲ್ಲಿ ಆ ಬೇರು ಯಾರ ಕಡೆ ಜಾಸ್ತಿ ಇಳಿದಿದೆ ಅಂತ ನಾನು ಹೇಳುವುದಿಲ್ಲ. ದುಡ್ಡು ಕೊಟ್ಟವನು ನಾನು.

ನ್ಯಾಯವಾಗಿ ಹೇಳಬೇಕೆಂದರೆ, ಆ ಮಾತಿಗೆ ಒಂದು ಕೆಲಸವಿದೆ. ಥೈರಾಯ್ಡ್ ಅಲ್ಲ, ಸೋಂಕು ಅಲ್ಲ, ನುಂಗುತ್ತಿರುವ ಮಾತ್ರೆಯೂ ಅಲ್ಲ ಅಂತ ಹುಡುಕಿ ನೋಡಿದ ಮೇಲಷ್ಟೇ ಅದನ್ನು ಬರೆಯುತ್ತಾರೆ. ನನ್ನ ‘ಗೊತ್ತಿಲ್ಲ’ ಬಿಟ್ಟಿಯದು, ಅವರ ‘ಗೊತ್ತಿಲ್ಲ’ ಪರೀಕ್ಷೆ ಮಾಡಿಸಿದ್ದು. ಸರಿ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

ಈ ‘ಗೊತ್ತಿಲ್ಲ’ಕ್ಕೆ ನಂಬರೂ ಇದೆ ಅಂದರೆ ನಂಬುತ್ತೀರಾ? ಜಗತ್ತಿನ ಕಾಯಿಲೆಗಳ ಪಟ್ಟಿಯ ಹತ್ತನೇ ಆವೃತ್ತಿಯಲ್ಲಿ ನನ್ನ ಗಂಧೆ ಎಲ್50.1. ಕಾರಣ ಸಿಗದ ಜ್ವರಕ್ಕೆ ಪಿ.ಯು.ಓ. ಅನ್ನುತ್ತಾರೆ. ಅದಕ್ಕೆ 1961ರಲ್ಲಿ ಇಬ್ಬರು ಅಮೆರಿಕನ್ ವೈದ್ಯರು ಲಕ್ಷಣವನ್ನೂ ಬರೆದರು: 38.3 ಡಿಗ್ರಿ ಸೆಲ್ಸಿಯಸ್‌ಗಿಂತ ಜಾಸ್ತಿ ಜ್ವರ ಮತ್ತೆ ಮತ್ತೆ ಬರಬೇಕು, 3 ವಾರ ದಾಟಬೇಕು, ಆಸ್ಪತ್ರೆಯಲ್ಲಿ ಒಂದು ವಾರ ಹುಡುಕಿದರೂ ಕಾರಣ ಸಿಗಬಾರದು. ಗೊತ್ತಿಲ್ಲ ಅನ್ನುವುದಕ್ಕೂ ಪಾಸಿಂಗ್ ಮಾರ್ಕ್ಸ್!

ನಮ್ಮ ಚಿಕ್ಕಪ್ಪನ ಫೈಲಿನಲ್ಲಿ ‘ಎಸೆನ್ಷಿಯಲ್ ಹೈಪರ್‌ಟೆನ್ಶನ್’ ಅಂತ ಬರೆದಿದೆ. ಅವರು ರೇಷನ್ ಅಂಗಡಿ ಕ್ಯೂನಲ್ಲಿ ಆಯಸ್ಸು ಕಳೆದವರು. ಎಸೆನ್ಷಿಯಲ್ ಅಂದರೆ ಅಕ್ಕಿ, ಗೋಧಿ, ಸೀಮೆಎಣ್ಣೆ ಅಂತಲೇ ಅವರಿಗೆ ಗೊತ್ತು. “ಬಿಪಿ ನನಗೆ ಅಗತ್ಯ ಅಂತ ಡಾಕ್ಟರೇ ಬರೆದಿದ್ದಾರಲ್ಲೋ, ಮಾತ್ರೆ ಯಾಕೆ ನುಂಗಲಿ?” ಅಂತ ಒಂದು ದಿನ ಕೇಳಿದರು.

ನಗಬೇಡಿ. ಒಂದು ಕಾಲದಲ್ಲಿ ದೊಡ್ಡ ದೊಡ್ಡ ವೈದ್ಯರೂ ಹಾಗೇ ನಂಬಿದ್ದರು. ರಕ್ತನಾಳ ಗಡುಸಾದರೆ ಅದರೊಳಗೆ ರಕ್ತ ನುಗ್ಗಿಸಲು ಒತ್ತಡ ಜಾಸ್ತಿ ಇರಲೇಬೇಕು, ಇಳಿಸಲು ಹೋಗಬೇಡಿ ಅನ್ನುತ್ತಿದ್ದರು. ಅಮೆರಿಕದ ಅಧ್ಯಕ್ಷ ರೂಸ್ವೆಲ್ಟ್‌ನ ಬಿಪಿ ವರ್ಷಗಟ್ಟಲೆ ಏರುತ್ತಾ ಹೋಯಿತು. ವಯಸ್ಸಿಗೆ ತಕ್ಕ ಹಾಗಿದೆ ಅಂದರು ಅವರ ಖಾಸಗಿ ವೈದ್ಯರು. 1945ರ ಏಪ್ರಿಲ್ 12ರಂದು ಅದು 300/190 ಮುಟ್ಟಿತು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅವತ್ತೇ ತೀರಿಕೊಂಡರು. ಒಳ್ಳೆ ಔಷಧ ಆಗ ಇರಲಿಲ್ಲ, ನಿಜ. ಅದು ಅಗತ್ಯ ಅನ್ನುವ ನಂಬಿಕೆ ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಇನ್ನೂ ಫೈಲಿನಲ್ಲಿ ಕೂತಿದೆ. ಬಿಪಿ ಇರುವ 10 ಜನರಲ್ಲಿ 9 ಜನರದು ಇದೇ ಜಾತಿ. ಅಲ್ಲಿ ಎಸೆನ್ಷಿಯಲ್ ಅಂದರೆ ಇವತ್ತಿನ ಅರ್ಥ ಏನು ಗೊತ್ತಾ? ಇಂಥದ್ದೇ ಕಾರಣ ಅಂತ ಬೊಟ್ಟು ಮಾಡಲು ಆಗದ್ದು.

ಹಳೇ ಹೆಸರು, ಬದಲಾಯಿಸೋದು ಕಷ್ಟ ಅನ್ನುತ್ತಾರೆ. ಸುಮ್ನೆ ಹೇಳೋದು. 2020ರಲ್ಲಿ ಏನಾಯಿತು ನೋಡಿ. ಮನುಷ್ಯನ ಜೀನ್‌ಗಳಲ್ಲಿ ಒಂದಕ್ಕೆ ಮಾರ್ಚ್1 ಅಂತ, ಇನ್ನೊಂದಕ್ಕೆ ಸೆಪ್ಟ್1 ಅಂತ ಹೆಸರಿತ್ತು. ವಿಜ್ಞಾನಿಗಳು ಇವನ್ನು ಎಕ್ಸೆಲ್‌ನಲ್ಲಿ ಟೈಪ್ ಮಾಡಿದರೆ ಸಾಕು, ಅದು ತಾರೀಖು ಅಂದುಕೊಂಡು ಮಾರ್ಚ್ ಒಂದು, ಸೆಪ್ಟೆಂಬರ್ ಒಂದು ಅಂತ ತಿದ್ದಿಬಿಡುತ್ತಿತ್ತು. ಎಷ್ಟೋ ಸಂಶೋಧನೆಗಳ ಪಟ್ಟಿ ಕೆಟ್ಟುಹೋಯಿತು. ಕೊನೆಗೆ ಎಕ್ಸೆಲ್ ಬಗ್ಗಲಿಲ್ಲ, ಜೀನ್‌ಗಳೇ ಬಗ್ಗಿದವು. ಹೆಸರಿಡುವ ಸಮಿತಿ ಕೂತು ಮಾರ್ಚ್‌ಎಫ್1, ಸೆಪ್ಟಿನ್1 ಅಂತ ಹೊಸ ನಾಮಕರಣ ಮಾಡಿತು. ಸಾಫ್ಟ್‌ವೇರ್‌ಗೆ ಗೊಂದಲವಾದರೆ ಹೆಸರು ಬದಲಾಗುತ್ತದೆ. ಚಿಕ್ಕಪ್ಪನಿಗೆ ಗೊಂದಲವಾದರೆ ಇನ್ನೊಂದು ಟೋಕನ್ ತಗೊಂಡು ಕೂರಬೇಕು.

ಹಾಗಾದರೆ ಕನ್ನಡದಲ್ಲಿ ಬರೆಯಲಿ ಅನ್ನುತ್ತೀರಾ? ಆಸೆ ನನಗೂ ಇದೆ. ಭಯವೂ ಇದೆ. ನನ್ನ ಗಂಧೆ ಯಾವುದಾದರೂ ಅನುವಾದ ಸಮಿತಿಯ ಕೈಗೆ ಸಿಕ್ಕರೆ ‘ಅಜ್ಞಾತಮೂಲ ದೀರ್ಘಕಾಲಿಕ ಶೀತಪಿತ್ತ’ ಆಗಿ ಹೊರಗೆ ಬರುತ್ತದೆ. ಅದಕ್ಕಿಂತ ಗ್ರೀಕರೇ ವಾಸಿ. ಹಾಗಂತ ಕನ್ನಡದ ಕೈಲಿ ಆಗುವುದಿಲ್ಲ ಅಂತಲ್ಲ. ಅನಸ್ತೀಸಿಯಾಕ್ಕೆ ಯಾರೋ ಪುಣ್ಯಾತ್ಮರು ಅರಿವಳಿಕೆ ಅಂದರು. ಅರಿವು ಅಳಿಸುವುದು. ಅಜ್ಜಿಗೂ ಅರ್ಥವಾಗುತ್ತದೆ.

ನನಗೆ ತುಂಬಾ ಇಷ್ಟವಾದ ಹೆಸರು ಇನ್ನೊಂದಿದೆ. 1895ರಲ್ಲಿ ಜರ್ಮನಿಯ ರಾಂಟ್‌ಜನ್‌ಗೆ ಒಂದು ವಿಚಿತ್ರ ಕಿರಣ ಸಿಕ್ಕಿತು. ಏನು ಕಿರಣ ಅಂತ ತಿಳಿಯಲಿಲ್ಲ. ಲೆಕ್ಕದಲ್ಲಿ ಗೊತ್ತಿಲ್ಲದ್ದಕ್ಕೆ ‘ಎಕ್ಸ್’ ಅನ್ನುತ್ತೇವಲ್ಲ, ಹಾಗೆ ಎಕ್ಸ್-ರೇ ಅಂತ ಕರೆದ. ಗೊತ್ತಿಲ್ಲ ಅಂತ ಒಂದೇ ಅಕ್ಷರದಲ್ಲಿ ಒಪ್ಪಿಕೊಂಡ. ಅವನಿಗೆ 1901ರಲ್ಲಿ ಭೌತಶಾಸ್ತ್ರದ ಮೊದಲ ನೊಬೆಲ್ ಕೊಟ್ಟರು. ನಾವು ಅದನ್ನೂ ಕ್ಷ-ಕಿರಣ ಮಾಡಿ ಬೋರ್ಡು ಹಾಕಿದೆವು, ಆ ಮಾತು ಬೇರೆ.

ಔಷಧಿ ಚೀಟಿ ಹಿಡಿದು ಮೆಡಿಕಲ್ ಶಾಪಿಗೆ ಹೋದೆ. ಮಾತ್ರೆಯ ಮುಂದೆ ಎಸ್.ಓ.ಎಸ್. ಅಂತಿತ್ತು. ಮುಳುಗುವ ಹಡಗಿನವರು ಕಳಿಸುವ ಸಂದೇಶ ಅಲ್ವಾ ಇದು, ನನ್ನ ಸ್ಥಿತಿ ಅಲ್ಲಿಗೆ ಬಂತಾ ಅಂತ ಎದೆ ಝಲ್ ಅಂದಿತು. ಅಂಗಡಿ ಹುಡುಗ ನಕ್ಕ. “ಬೇಕಾದಾಗ ಮಾತ್ರ ತಗೊಳ್ಳಿ ಅಂತ ಸಾರ್. ಲ್ಯಾಟಿನ್ ಅಂತೆ.”

ಮನೆ ಗೇಟಿನ ಹತ್ತಿರ ಪಕ್ಕದ ಮನೆ ಅಜ್ಜಿ ಕಾಯುತ್ತಿದ್ದರು.

“ಏನಂದ್ರು ಡಾಕ್ಟ್ರು? ಪಿತ್ತ ತಾನೇ?”

“ಇಲ್ಲ ಅಜ್ಜಿ. ಇಡಿಯೋಪತಿಕ್ ಅಂತೆ.”

ಅಜ್ಜಿಯ ಮುಖದಲ್ಲಿ ಒಂಥರಾ ಗೌರವ ಮೂಡಿತು. ಸೆರಗು ಸರಿಮಾಡಿಕೊಂಡು ಹತ್ತಿರ ಬಂದರು. ದನಿ ತಗ್ಗಿಸಿ ಕೇಳಿದರು:

“ನಮ್ಮನೆಯವರ ಮಂಡಿ ನೋವೂ ಅದೇ ಇರಬೇಕು ಕಣಪ್ಪ. ಆ ಡಾಕ್ಟರ ನಂಬರ್ ಕೊಡ್ತೀಯಾ?”