ಶುಕ್ರನ ಉಷ್ಣಾಂಶ ಅಂದರೆ ಎಲ್ಲಿಯದು?

ಯಾವುದೋ ಗ್ರಹದಲ್ಲಿ ಇಷ್ಟು ಡಿಗ್ರಿ ಬಿಸಿ ಅಂತ ಸುದ್ದಿ ಬಂದಾಗಲೆಲ್ಲ ನನಗೆ ಕಿರಿಕಿರಿ. ಎಲ್ಲಿಯ ಬಿಸಿ ಮಾರಾಯ್ರೇ? ನೆಲದ್ದಾ, ಮೋಡದ ಮೇಲಿನದ್ದಾ? ಪಕ್ಕದಲ್ಲಿ ಹಾದುಹೋಗುವ ನೌಕೆ ಥರ್ಮಾಮೀಟರ್ ಇಟ್ಟು ನೋಡುವುದಿಲ್ಲ. ಅದಕ್ಕೆ ಸಿಗುವುದು ಒಂದಿಷ್ಟು ಕಿರಣ, ಅಷ್ಟೇ. ಡಿಗ್ರಿ ಲೆಕ್ಕವೆಲ್ಲ ನಾವು ಹಾಕಿದ್ದು.

ಶುಕ್ರನನ್ನೇ ನೋಡಿ. ಇನ್‌ಫ್ರಾರೆಡ್‌ನಲ್ಲಿ ಅಳೆದರೆ ಸೊನ್ನೆಗಿಂತ ಕೆಳಗೆ. 1956ರಲ್ಲಿ ರೇಡಿಯೋ ಅಲೆಯಲ್ಲಿ ಅಳೆದರೆ 300 ಡಿಗ್ರಿ ಸೆಲ್ಸಿಯಸ್ ಸುತ್ತಮುತ್ತ! ಎರಡೂ ಸುಳ್ಳಲ್ಲ. ಇನ್‌ಫ್ರಾರೆಡ್ ಬರುವುದು ಮೋಡದ ಮೇಲ್ಭಾಗದಿಂದ, ರೇಡಿಯೋ ಅಲೆ ಮೋಡ ದಾಟಿ ಬರುತ್ತದೆ. ಆದರೂ ಕೆಲವರು ಒಪ್ಪಲಿಲ್ಲ. ಆ ರೇಡಿಯೋ ಅಲೆ ನೆಲದ್ದಲ್ಲ, ಮೇಲಿನ ಅಯಾನುಗೋಳದ್ದು (ವಿದ್ಯುದಾವೇಶದ ಕಣಗಳಿರುವ ಪದರ), ಕೆಳಗೆ ತಂಪಾಗಿಯೇ ಇರಬಹುದು ಅಂದರು. ಸುಮ್ನೆ ತಳ್ಳಿಹಾಕುವ ವಾದವಲ್ಲ ಅದು.

1962ರ ಡಿಸೆಂಬರ್ 14ರಂದು ಅಮೆರಿಕದ ನೌಕೆ ಮ್ಯಾರಿನರ್ 2 ಹಾದುಹೋದಾಗ ರೇಡಿಯೋ ಅಲೆಯಲ್ಲಿ ನೋಡಿದ್ದು ಗ್ರಹದ ಅಂಚನ್ನು. ಅಂಚಿನಲ್ಲಿ ನಮ್ಮ ನೋಟ ವಾತಾವರಣದೊಳಗೆ ಓರೆಯಾಗಿ, ಜಾಸ್ತಿ ದೂರ ಹೋಗುತ್ತದೆ ಅಲ್ವಾ? ಬಿಸಿ ಇರುವುದು ಮೇಲಿನ ಪದರದಲ್ಲಾದರೆ ಅಂಚು ನಡುಭಾಗಕ್ಕಿಂತ ಹೊಳೆಯಬೇಕು. ಬಿಸಿ ನೆಲದ್ದಾದರೆ, ಮೇಲಿನ ತಣ್ಣನೆ ಗಾಳಿ ಅದನ್ನು ತಡೆದು ಅಂಚು ಮಂಕಾಗಬೇಕು. ಮಂಕಾಗಿತ್ತು. ಎಷ್ಟು ಡಿಗ್ರಿ ಅನ್ನುವುದಕ್ಕಿಂತ ಈ ಮಂಕೇ ದೊಡ್ಡ ಸುದ್ದಿ ನನ್ನ ಪ್ರಕಾರ.

ಒಳಗೇ ಇಳಿದರೆ ಜಗಳ ಮುಗಿಯಿತು ಅಂದುಕೊಂಡರೆ ಅದೂ ಇಲ್ಲ. 1967ರ ಅಕ್ಟೋಬರ್ 18ರಂದು ಸೋವಿಯತ್ತಿನ ವೆನೆರಾ 4 ಪ್ಯಾರಾಚೂಟ್‌ನಲ್ಲಿ ಇಳಿಯುತ್ತಾ 262 ಡಿಗ್ರಿ ತೋರಿಸಿ ಸುಮ್ಮನಾಯಿತು. ಅದೇ ನೆಲ ಅಂದರು ಅವರು. ಮರುದಿನ ಮ್ಯಾರಿನರ್ 5 ಶುಕ್ರನ ಹಿಂದೆ ಸರಿಯುವಾಗ ಅದರ ರೇಡಿಯೋ ಸಿಗ್ನಲ್ ಗಾಳಿಯೊಳಗೆ ಹೇಗೆ ಬಾಗಿತು ಅಂತ ಅಳೆದರು. ಭೂಮಿಯಿಂದ ರಾಡಾರ್ ಹಾಯಿಸಿ ಶುಕ್ರನ ತ್ರಿಜ್ಯ ಸುಮಾರು 6,050 ಕಿಲೋಮೀಟರ್ ಅಂತ ಲೆಕ್ಕ ಹಾಕಿದ್ದೂ ಇತ್ತು. ಮೂರನ್ನೂ ಜೋಡಿಸಿದರೆ ತಾಳೆಯೇ ಆಗಲಿಲ್ಲ. ವೆನೆರಾ ನಿಂತದ್ದು ನೆಲಕ್ಕಿಂತ ಸುಮಾರು 25 ಕಿಲೋಮೀಟರ್ ಮೇಲೆ ಅಂದುಕೊಂಡರೆ ಮಾತ್ರ ಎಲ್ಲ ಹೊಂದುತ್ತಿತ್ತು. ಉಷ್ಣಾಂಶದ ಅಳತೆ ಸರಿಯಿತ್ತು, ಜಾಗ ತಪ್ಪಿತ್ತು.

ನಿಜವಾಗಿ ನೆಲ ಮುಟ್ಟಿದ್ದು 1970ರ ಡಿಸೆಂಬರ್‌ನಲ್ಲಿ, ವೆನೆರಾ 7. ಮೊದಲು ಅದು ಸತ್ತೇಹೋಯಿತು ಅಂದುಕೊಂಡಿದ್ದರು, ಆಮೇಲೆ ಟೇಪ್ ಜಾಲಾಡಿದಾಗ ನೆಲದಿಂದ ಬಂದ 23 ನಿಮಿಷದ ಕ್ಷೀಣ ಸಿಗ್ನಲ್ ಸಿಕ್ಕಿತು. ಉಪಕರಣ ಬದಲಿಸುವ ಸ್ವಿಚ್ ಸಿಕ್ಕಿಹಾಕಿಕೊಂಡು ಉಷ್ಣಾಂಶದ ಅಳತೆ ಮಾತ್ರ ಬರುತ್ತಿತ್ತು, ಸುಮಾರು 475 ಡಿಗ್ರಿ. ಒತ್ತಡ ಭೂಮಿಯ 90 ಪಟ್ಟು ಅನ್ನುವುದನ್ನು ಅದರಿಂದಲೇ ಲೆಕ್ಕ ಹಾಕಿ ತೆಗೆದರು.